ಛಾಯಾಚಿತ್ರದಲ್ಲಿ ಸ್ವಭಾವೋಕ್ತಿ

ಯಂತ್ರವು ಇದ್ದುದನ್ನು ಇದ್ದಂತೆ ಹಿಡಿಯುವುದು. ಇದ್ದಂತೆ ಹೇಳಿದುದು ವಾರ್ತೆಯೇ ಹೊರತು ಕಾವ್ಯವಲ್ಲ. ಆದುದರಿಂದ ಛಾಯಾಚಿತ್ರದಲ್ಲಿ ಕವಿಕರ್ಮಕ್ಕೆ ಎಡೆಯಿಲ್ಲ ಎಂಬುದು ಪಂಡಿತರಲ್ಲಿ ಹಲವರ ಪಕ್ಷ. ಇದನ್ನು ಒರೆಹಚ್ಚಿ ನೋಡುವುದಕ್ಕೆ ಅಮೆರಿಕದ ವಾಕರ್ ಎವಾನ್ಸನ (1903–1975) ಚಿತ್ರಪ್ರದರ್ಶನವು ತಕ್ಕ ನಿಕಷ. ಅದು 1938ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ನಡೆಯಿತು. 2013ರಲ್ಲಿ ಅಲ್ಲಿಯೇ ಮತ್ತೆ ಏರ್ಪಟ್ಟಿತು. ಅದರೊಡನೆ ಹೊರಬಂದ ಗ್ರಂಥದಲ್ಲಿ 87 ಚಿತ್ರಗಳಿವೆ. ವಿಷಯವು ಬಹುಮಟ್ಟಿಗೆ ಸಣ್ಣ ಊರುಗಳ ಬಾಳು: ಮಳೆಯಲ್ಲಿ ನೆನೆದ ಪೇಟೆಬೀದಿ, ಕ್ಷೌರದಂಗಡಿ, ಮರದ ಇಗರ್ಜಿ, ಅಂಗಡಿಹಲಗೆಯ ಮೇಲಿನ ಬರೆಹ. ಉದಾತ್ತವಸ್ತುವೆನ್ನತಕ್ಕುದು ಒಂದೂ ಇಲ್ಲ.

ದಂಡಿಯು ಸ್ವಭಾವೋಕ್ತಿಗೆ ಅಲಂಕಾರಗಳಲ್ಲಿ ಮೊದಲ ಸ್ಥಾನವನ್ನು ಕೊಟ್ಟನು. ಕುಂತಕನು ಅದನ್ನು ಒಪ್ಪಲಿಲ್ಲ. ಸ್ವಭಾವವು ಅಲಂಕಾರ್ಯ, ಅದೇ ಅಲಂಕಾರವೂ ಆಗುವುದೆಂತು ಎಂದು ಅವನ ಆಕ್ಷೇಪ. ಇದಕ್ಕೆ ಸಮಾಧಾನವನ್ನು ಮಹಿಮಭಟ್ಟನು ಹೇಳಿರುವನು: ವಸ್ತುವಿಗೆ ಸಾಮಾನ್ಯ, ವಿಶಿಷ್ಟ ಎಂದು ಎರಡು ರೂಪಗಳುಂಟು, ಮೊದಲನೆಯದು ಎಲ್ಲರಿಗೂ ಗೋಚರ, ಎರಡನೆಯದು ಪ್ರತಿಭೆಗೆ ಮಾತ್ರ ಗೋಚರ. ಛಾಯಾಚಿತ್ರದ ವಾದವೆಲ್ಲ ನಿಲ್ಲತಕ್ಕುದು ಈ ಭೇದದ ಮೇಲೆಯೇ.

ಎವಾನ್ಸನು 1936ರಲ್ಲಿ ಸವಾನಾ ಎಂಬ ಊರಿನಲ್ಲಿ ತೆಗೆದ ಚಿತ್ರವೊಂದನ್ನು ನೋಡಬೇಕು. ಅಗ್ಗದ ಭಾವಚಿತ್ರಗಳನ್ನು ತೆಗೆಯುವ ಅಂಗಡಿಯೊಂದರ ಗಾಜಿನ ಕಿಟಕಿ. ಅದರೊಳಗೆ ಸಾಲುಸಾಲಾಗಿ ಇನ್ನೂರಕ್ಕೂ ಮಿಕ್ಕ ಪುಟ್ಟ ಮುಖಗಳು. ಮೇಲೆ ದಪ್ಪ ಅಕ್ಷರಗಳಲ್ಲಿ ‘ಸ್ಟುಡಿಯೋ’ ಎಂಬ ಬರೆಹ. ಮುಖಗಳನ್ನು ತೆಗೆದವನು ಎವಾನ್ಸನಲ್ಲ, ಹೆಸರಿಲ್ಲದ ಬೇರೊಬ್ಬ ಕಸುಬಿನವನು. ಆ ಮುದುಕಿಯರೂ ಮಕ್ಕಳೂ ತಮ್ಮ ಕಾಸಿಗೆ ತಮ್ಮ ರೂಪವನ್ನು ಕೊಂಡವರು. ಒಂದೊಂದು ಮುಖವೂ ಬೇರೆಯಾದರೆ ವಾರ್ತೆ. ಗಾಜಿನ ಹಿಂದೆ ಒತ್ತಾಗಿ ಕೂಡಿದಾಗ ಒಂದು ಊರು. ಎವಾನ್ಸನು ಅದಕ್ಕೆ ತನ್ನದಾಗಿ ಸೇರಿಸಿದುದು ಏನೂ ಇಲ್ಲ. ಎಲ್ಲಿ ನಿಲ್ಲಬೇಕು, ಎಲ್ಲಿಗೆ ಅಂಚನ್ನು ಕತ್ತರಿಸಬೇಕು ಎಂಬುದನ್ನು ಮಾತ್ರ ನಿಶ್ಚಯಿಸಿದನು. ಅಷ್ಟರಿಂದಲೇ ಸಾಮಾನ್ಯವು ವಿಶಿಷ್ಟವಾಯಿತು.

ಆದರೆ ಯಂತ್ರವು ಇದ್ದಂತೆಯೇ ಹೇಳುವುದೆಂಬ ಮೂಲಪ್ರತಿಜ್ಞೆಯೂ ನಿಲ್ಲುವುದಿಲ್ಲ. 1935ರಲ್ಲಿ ಅವನು ಪೆನ್ಸಿಲ್ವೇನಿಯದ ಬೆತ್ಲೆಹೆಮ್ ಪಟ್ಟಣದಲ್ಲಿ ತೆಗೆದ ಚಿತ್ರವೇ ಇದಕ್ಕೆ ಸಾಕ್ಷಿ. ಮುಂದೆ ಸ್ಮಶಾನದ ದೊಡ್ಡ ಕಲ್ಲಿನ ಶಿಲುಬೆ, ಅದರ ಬೆನ್ನಿಗೇ ಕೂಲಿಕಾರರ ಮನೆಗಳು, ಆ ಮನೆಗಳ ಬೆನ್ನಿಗೇ ಉಕ್ಕಿನ ಕಾರ್ಖಾನೆಯ ಚಿಮಣಿಗಳು. ನಿಜದಲ್ಲಿ ಇವುಗಳ ನಡುವೆ ಸಾಕಷ್ಟು ದೂರವುಂಟು. ದೂರವನ್ನು ಹತ್ತಿರಕ್ಕೆಳೆಯುವ ಮಸೂರವು ಅದನ್ನು ನುಂಗಿಬಿಟ್ಟಿದೆ. ದುಡಿಮೆ, ವಾಸ, ಸಾವು ಮೂರೂ ಒಂದನ್ನೊಂದು ತಾಗಿ ನಿಂತಿವೆ. ಮನುಷ್ಯನೊಬ್ಬನ ಮುಖವೂ ಪ್ರಧಾನವಾಗಿ ಕಾಣದಿದ್ದರೂ ಕರುಣವು ಹುಟ್ಟುವುದು. ಇದು ಸ್ವಭಾವೋಕ್ತಿಯ ವೇಷದ ವಕ್ರತೆ. ಕುಂತಕನೂ ಇದಕ್ಕೆ ತಲೆದೂಗದೆ ಇರಲಾರನು.

ಗೋಡೆಯ ಮೇಲಣ ಪ್ರದರ್ಶನಕ್ಕಿಂತ ಗ್ರಂಥವೇ ಮೇಲೆಂದು ಹೇಳಬೇಕಾಗಿದೆ. ಗೋಡೆಯೆದುರು ನಿಂತವನ ಕಣ್ಣು ಒಮ್ಮೆಗೆ ನಾಲ್ಕಾರು ಚಿತ್ರಗಳ ಮೇಲೆ ಹರಿದು ಕ್ರಮವನ್ನು ಮುರಿಯುವುದು. ಗ್ರಂಥದಲ್ಲಿಯಾದರೋ ಎಡಪುಟ ಖಾಲಿ, ಬಲಪುಟದಲ್ಲಿ ಒಂದೇ ಚಿತ್ರ. ಹೆಸರುಗಳು ಆಯಾ ಭಾಗದ ಕೊನೆಯಲ್ಲಿ. ಹೆಸರನ್ನು ಮೊದಲೇ ಓದಿ ಚಿತ್ರವನ್ನು ತಿಳಿದೆನೆಂದು ಮುಂದೆ ಸಾಗುವ ಸೋಮಾರಿ ಪ್ರೇಕ್ಷಕನಿಗೆ ಅಲ್ಲಿ ಅವಕಾಶವಿಲ್ಲ. ಉಪಕ್ರಮೋಪಸಂಹಾರಗಳ ಐಕ್ಯದಿಂದ ತಾತ್ಪರ್ಯವನ್ನು ನಿರ್ಣಯಿಸಬೇಕೆಂಬ ಮೀಮಾಂಸಕರ ನ್ಯಾಯವು ಇಲ್ಲಿ ಆಶ್ಚರ್ಯವಾಗಿ ಸಲ್ಲುವುದು. ಮೊದಲ ಭಾಗವು ಭಾವಚಿತ್ರದ ಅಂಗಡಿಗಳಿಂದ ತೊಡಗುತ್ತದೆ. ಎರಡನೆಯ ಭಾಗದ ಆದಿಯಲ್ಲಿಯೂ ಅಂತ್ಯದಲ್ಲಿಯೂ ಇರುವುದು ಕಟ್ಟಡಗಳಿಗೆ ಸೊಬಗಿಗಾಗಿ ಹೊಡೆಸಿ ಕೊನೆಗೆ ಜಜ್ಜಿಹೋದ ತಗಡಿನ ಚೂರು.