ಒಬ್ಬರೇ ಹೋಗುವುದಾದರೆ

1933ರ ಜೂನ್ 1. ಎವರೆಸ್ಟಿನ ಉತ್ತರ ಮುಖದಲ್ಲಿ, 8,500 ಮೀಟರಿಗೂ ಮೇಲೆ, ಫ್ರಾಂಕ್ ಸ್ಮೈತ್ ಒಬ್ಬರೇ ಇದ್ದರು. ಜೊತೆಗೆ ಹೊರಟಿದ್ದ ಎರಿಕ್ ಶಿಪ್ಟನ್ ಆರೋಗ್ಯ ಕೈಕೊಟ್ಟು ವಾಪಸಾಗಿದ್ದರು. ಆಮ್ಲಜನಕದ ಸಿಲಿಂಡರ್ ಇರಲಿಲ್ಲ. ಏನಾದರೂ ತಿನ್ನಬೇಕೆಂದು ಸ್ಮೈತ್ ಜೇಬಿನಿಂದ ಪುದೀನ ಬೆರೆಸಿದ ಸಕ್ಕರೆ ಬಿಲ್ಲೆಯನ್ನು ತೆಗೆದರು, ಎರಡಾಗಿ ಮುರಿದರು, ಅರ್ಧವನ್ನು ಹಿಡಿದು ಜೊತೆಗಾರನಿಗೆ ಕೊಡಲು ಪಕ್ಕಕ್ಕೆ ತಿರುಗಿದರು. ಅಲ್ಲಿ ಯಾರೂ ಇರಲಿಲ್ಲ.

ಈ ಪ್ರಸಂಗವನ್ನು ಪರ್ವತದ ನಿಗೂಢತೆಗೆ ಸಾಕ್ಷಿಯೆಂಬಂತೆ ಹೇಳುವವರು ಬಹಳ. ಇಂದು ನಮ್ಮ ಹುಡುಗ ಹುಡುಗಿಯರು ಅಷ್ಟೊಂದು ಆಸೆಯಿಂದ ಕೈಗೊಳ್ಳುತ್ತಿರುವ ಒಂಟಿ ಹಿಮಾಲಯ ಚಾರಣವನ್ನು ಬೆಲೆಕಟ್ಟಲು ಹೊರಟಾಗ ನನಗೆ ಇದು ಬೇರೆಯೇ ಕಾರಣಕ್ಕೆ ಮುಖ್ಯವಾಗುತ್ತದೆ. ಸ್ಮೈತ್ ಆ ಕಾಲದ ಅತ್ಯಂತ ಪಳಗಿದ ಆರೋಹಿಗಳಲ್ಲಿ ಒಬ್ಬರು. 1931ರಲ್ಲಿ ಕಾಮೆಟ್ ಶಿಖರ ಏರಿ ಇಳಿಯುವಾಗ ಹೂಗಳ ಕಣಿವೆಯನ್ನು ಹೊರಜಗತ್ತಿಗೆ ಕಾಣಿಸಿದವರು. ಅಂಥವರ ಮಿದುಳೇ ಇಲ್ಲದವನನ್ನು ಪಕ್ಕದಲ್ಲಿ ಕಂಡಿತು. ಹಾಗಿದ್ದರೆ ಎದುರಿಗೇ ಇರುವ ಅಪಾಯ ಅದಕ್ಕೆ ಕಾಣದೆ ಹೋಗಬಹುದಲ್ಲವೇ?

ಅಷ್ಟು ಎತ್ತರಕ್ಕೆ ನಮ್ಮಲ್ಲಿ ಯಾರು ಹೋಗುತ್ತಾರೆ ಎನ್ನಬಹುದು. ನಿಜ, ಬೆಂಗಳೂರಿನಿಂದ ಬೆನ್ನಿಗೆ ಚೀಲ ಏರಿಸಿ ಹೊರಡುವವರು ಹಂಪ್ಟಾ ಪಾಸ್‌ಗೆ, ಇಂದ್ರಹಾರ್ ಪಾಸ್‌ಗೆ ಹೋಗುತ್ತಾರೆ. ಎಲ್ಲ 4,300 ಮೀಟರಿನ ಆಸುಪಾಸು. ಆದರೆ ಎತ್ತರದ ಕಾಯಿಲೆ 2,500 ಮೀಟರಿನಿಂದಲೇ ಕಾಡಬಹುದು. ಮೊದಲು ತಲೆನೋವು, ವಾಕರಿಕೆ, ಬಾರದ ನಿದ್ದೆ. ಕಡೆಗಣಿಸಿ ಮೇಲೇರಿದರೆ ಕೆಲವರಿಗೆ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ, ಕೆಲವರಿಗೆ ಮಿದುಳು ಊದಿಕೊಳ್ಳುತ್ತದೆ. ಮಿದುಳಿನ ಊತವನ್ನು ಹಿಡಿಯಲು ಸರಳ ಪರೀಕ್ಷೆಯೊಂದಿದೆ: ಒಂದು ಪಾದದ ಹಿಮ್ಮಡಿಯನ್ನು ಇನ್ನೊಂದರ ಹೆಬ್ಬೆರಳಿಗೆ ತಾಗಿಸುತ್ತ ನೇರ ಗೆರೆಯ ಮೇಲೆ ನಡೆಯಬೇಕು. ತೂರಾಡಿದರೆ ಆ ಗಳಿಗೆಯಲ್ಲೇ ಕೆಳಗಿಳಿಯಬೇಕು, ರಾತ್ರಿಯಾದರೂ ಸರಿ. ಜೊತೆಯಲ್ಲಿ ಇನ್ನೊಬ್ಬರಿದ್ದರೆ ತೂರಾಟ ಅವರ ಕಣ್ಣಿಗೆ ಬೀಳುತ್ತದೆ, ಮಾತು ತೊದಲಿದ್ದು, ವಿನಾಕಾರಣ ರೇಗಿದ್ದು ಗೊತ್ತಾಗುತ್ತದೆ. ಒಬ್ಬರೇ ಇದ್ದವರು ‘ಸುಸ್ತಾಗಿದೆ, ಮಲಗಿದರೆ ಸರಿಹೋಗುತ್ತದೆ’ ಎಂದುಕೊಂಡು ಟೆಂಟಿನ ಜಿಪ್ ಎಳೆಯುತ್ತಾರೆ. ಚಳಿ ಮೈಯೊಳಗೆ ಇಳಿದಾಗ ಆಗುವುದೂ ಇದೇ. ನಡುಕ ನಿಲ್ಲುವಷ್ಟರಲ್ಲಿ ಬುದ್ಧಿಯೂ ಮಂಕಾಗಿರುತ್ತದೆ. ಒಂಟಿ ಚಾರಣದ ಮೇಲೆ ನನಗಿರುವ ಮೊದಲ ಮತ್ತು ಗಂಭೀರ ಆಕ್ಷೇಪ ಕಾಲು ಮುರಿಯುವುದರ ಬಗ್ಗೆಯಲ್ಲ, ಕರಡಿಯ ಬಗ್ಗೆಯೂ ಅಲ್ಲ. ಎಲ್ಲ ತೀರ್ಮಾನಗಳನ್ನೂ ಮಾಡಬೇಕಾದ ಆ ಒಂದೇ ತಲೆ ಎತ್ತರದಲ್ಲಿ ನಂಬಿಕೆಗೆ ಅರ್ಹವಾಗಿ ಉಳಿಯುವುದಿಲ್ಲ ಎಂಬುದರ ಬಗ್ಗೆ.

ಇಷ್ಟು ಹೇಳಿಯೂ ಈ ನಡಿಗೆಯನ್ನು ತಳ್ಳಿಹಾಕಲು ನನ್ನ ಮನಸ್ಸು ಒಪ್ಪುವುದಿಲ್ಲ. ಧೌಲಾಧಾರ್ ಶ್ರೇಣಿಯ ಇಂದ್ರಹಾರ್ ದಾರಿಯನ್ನೇ ನೋಡಿ. ಮೆಕ್ಲಿಯೋಡ್‌ಗಂಜ್‌ನಿಂದ ಗಲ್ಲು ದೇವಿ ಗುಡಿ, ಅಲ್ಲಿಂದ ಜನಜಂಗುಳಿಯ ತ್ರಿಯುಂಡ್, ಅದರಾಚೆ ಲಾಕಾದ ಹುಲ್ಲುಹಾಸು, ಆಮೇಲೆ ದೊಡ್ಡ ಬಂಡೆಯಡಿಯ ಲಹೇಶ್ ಗುಹೆ. ಗುಹೆಯಿಂದ ಮುಂದೆ ಕಡಿದಾದ ಬಂಡೆ ಹಾಸು, ಜೂನಿನಲ್ಲೂ ಹಿಮವಿರುತ್ತದೆ. ಬೆಳಗ್ಗೆ ಗಟ್ಟಿಯಾಗಿದ್ದ ಹಿಮ ಬಿಸಿಲೇರಿದಂತೆ ಮೆತ್ತಗಾಗುತ್ತದೆ, ಮಧ್ಯಾಹ್ನದ ಹೊತ್ತಿಗೆ ಕಾಂಗ್ಡಾ ಕಣಿವೆಯಿಂದ ಮೋಡ ಎದ್ದು ಬರುತ್ತದೆ. ಪಾಸ್ ತಲುಪಿದವರಿಗೆ ಆಚೆ ಚಂಬಾ, ಮಣಿಮಹೇಶ ಕೈಲಾಸ ಕಾಣುತ್ತವೆ. ಈ ದಾರಿಯಲ್ಲಿ ಒಬ್ಬರೇ ಹೋದವರು ಲಾಕಾದಲ್ಲಿ ಒಂದು ದಿನ ಸುಮ್ಮನೆ ಕೂತುಬಿಡಬಹುದು. ತಲೆ ಭಾರವಾಗಿದ್ದರೆ ಕೂರಬಹುದು, ಮೋಡ ಬೇಗ ಬಂದರೆ ಕೂರಬಹುದು, ಹುಲ್ಲಿನ ಮೇಲೆ ಕುರಿಮಂದೆ ಹರಡಿದ್ದು ಚಂದ ಕಂಡಿತೆಂಬ ಕಾರಣಕ್ಕೂ ಕೂರಬಹುದು. ಯಾರ ಅಪ್ಪಣೆಯೂ ಬೇಕಿಲ್ಲ. 20 ಮಂದಿಯ ಬ್ಯಾಚಿನಲ್ಲಿ ಇದು ಸಾಧ್ಯವೇ? ಅಲ್ಲಿ ದಿನಕ್ಕೊಂದು ಕ್ಯಾಂಪ್ ಮೊದಲೇ ನಿಗದಿ. ಹಣ ಕಟ್ಟಿಯಾಗಿದೆ, ವಾಪಸಿನ ರೈಲು ಬುಕ್ ಆಗಿದೆ, ಹಿಂದೆ ಉಳಿದರೆ ಉಳಿದ 19 ಮಂದಿಗೆ ತೊಂದರೆಯೆಂಬ ಸಂಕೋಚ ಬೇರೆ. ತಲೆನೋವನ್ನು ಬಾಯಿಬಿಟ್ಟು ಹೇಳದೆ ನಡೆಯುವವರನ್ನು ಇಂಥ ಗುಂಪುಗಳಲ್ಲಿ ನಾನೇ ಕಂಡಿದ್ದೇನೆ.

ಗುಂಪೆಂದರೆ ಸುರಕ್ಷಿತ ಎಂಬ ಭರವಸೆಯೂ ಪೂರ್ತಿ ನಿಲ್ಲುವುದಿಲ್ಲ. 2024ರ ಜೂನ್ ಮೊದಲ ವಾರ ಉತ್ತರಕಾಶಿಯ ಸಹಸ್ರತಾಲ್ ದಾರಿಯಲ್ಲಿ ಕರ್ನಾಟಕದಿಂದ ಹೋದ ತಂಡ ಹಿಮಗಾಳಿಗೆ ಸಿಕ್ಕಿಕೊಂಡಿತು. ಮಾರ್ಗದರ್ಶಕರೂ ಸೇರಿ 22 ಮಂದಿ. 9 ಮಂದಿ ಮರಳಲಿಲ್ಲ. ಅಲ್ಲಿ ಯಾರ ತಪ್ಪೆಂದು ಇಲ್ಲಿ ಕೂತು ಹೇಳುವ ಅಧಿಕಾರ ನನಗಿಲ್ಲ, ಆ ಮನೆಗಳ ದುಃಖ ದೊಡ್ಡದು. ಇಷ್ಟು ಮಾತ್ರ ಹೇಳಬಲ್ಲೆ: ತಲೆಗಳ ಸಂಖ್ಯೆ ಹವಾಮಾನಕ್ಕೆ ಲೆಕ್ಕವಿಲ್ಲ. ಹಿಂದಿರುಗುವ ಸ್ವಾತಂತ್ರ್ಯವೇ ಪರ್ವತದಲ್ಲಿ ಜೀವ ಉಳಿಸುವಂಥದ್ದು, ಒಂಟಿ ಚಾರಣಿಗರ ಬಳಿ ಅದು ಎಲ್ಲರಿಗಿಂತ ಹೆಚ್ಚು ಇರುತ್ತದೆ. ನನಗೆ ಬೇಸರವಾಗುವುದು ಅದನ್ನು ಅವರು ಬಳಸದಿದ್ದಾಗ. ‘ಸೋಲೋ’ ಎಂಬ ಹೆಸರಿನಲ್ಲಿ ಬರುವ ವಿಡಿಯೋಗಳಲ್ಲಿ ಶಿಖರವಿರುತ್ತದೆ, ಸೂರ್ಯೋದಯವಿರುತ್ತದೆ, ಟೆಂಟಿನ ಬಾಗಿಲಿನಿಂದ ಕಾಣುವ ಹಿಮವಿರುತ್ತದೆ. ಅರ್ಧದಾರಿಯಲ್ಲಿ ತಿರುಗಿ ಬಂದ ಕಥೆ ಅಪರೂಪ. ನೋಡುವವರಿಗಾಗಿ ನಡೆಯತೊಡಗಿದವರು ಹೇಗೂ ಒಬ್ಬರೇ ಇರುವುದಿಲ್ಲ. ಬ್ಯಾಚಿನ ಸಂಕೋಚವೇ ಇನ್ನೊಂದು ದಾರಿಯಿಂದ ಒಳಗೆ ಬಂದಿರುತ್ತದೆ.

ಚೀಲದ ಭಾರದ ಬಗ್ಗೆಯೂ ಹೇಳಲೇಬೇಕು. ಮೂವರು ಹೋದರೆ ಟೆಂಟ್ ಒಬ್ಬರ ಬೆನ್ನಿಗೆ, ಸ್ಟವ್ ಒಬ್ಬರಿಗೆ, ದಿನಸಿ ಒಬ್ಬರಿಗೆ. ಒಬ್ಬರೇ ಆದರೆ ಎಲ್ಲವೂ ಒಂದೇ ಬೆನ್ನಿಗೆ. ಆಗ ಕೈ ಮೊದಲು ಹೋಗುವುದು ‘ಬೇಕಾಗಲಿಕ್ಕಿಲ್ಲ’ ಎನಿಸುವ ವಸ್ತುಗಳ ಕಡೆಗೆ: ಇನ್ನೊಂದು ಜೊತೆ ಉಣ್ಣೆ ಕಾಲುಚೀಲ, ಮಳೆಯ ಪ್ಯಾಂಟು, ಹೆಚ್ಚುವರಿ ಒಂದು ದಿನದ ಊಟ. ಲಾಕಾದಲ್ಲಿ ಒಂದು ದಿನ ಕೂರುವ ಸ್ವಾತಂತ್ರ್ಯವೆಂದೆನಲ್ಲ, ಅದು ಇರುವುದು ಆ ಹೆಚ್ಚುವರಿ ಊಟದಲ್ಲೇ. ಅಡುಗೆಯ ಲೆಕ್ಕವೂ ಬೇರೆ. 4,000 ಮೀಟರಿನಲ್ಲಿ ನೀರು ಸುಮಾರು 87 ಡಿಗ್ರಿಗೇ ಕುದಿಯುತ್ತದೆ. ಬೇಳೆ ಬೇಯುವುದಿಲ್ಲ, ಗ್ಯಾಸ್ ಮಾತ್ರ ಮುಗಿಯುತ್ತದೆ. ಬರೀ ನೀರಲ್ಲಿ ನೆನೆದು ತಿನ್ನಲು ಸಿದ್ಧವಾಗುವ ನಮ್ಮ ಅವಲಕ್ಕಿ ಈ ಎತ್ತರಕ್ಕೆ ಹೇಳಿ ಮಾಡಿಸಿದ್ದು, ಜೊತೆಗೊಂದಿಷ್ಟು ಚಟ್ನಿಪುಡಿ ಇದ್ದರೆ ಸಾಕು. ಚಳಿಯೆಂದು ಟೆಂಟಿನ ಬಾಗಿಲು ಮುಚ್ಚಿ ಒಳಗೆ ಸ್ಟವ್ ಹಚ್ಚುವುದಂತೂ ಕೂಡದು. ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ಎಬ್ಬಿಸಲು ಪಕ್ಕದಲ್ಲಿ ಯಾರೂ ಇಲ್ಲ.

ಒಂಟಿ ಚಾರಣದ ಬಗ್ಗೆ ಇಲ್ಲಿ ಓಡಾಡುವ ಸಲಹೆಗಳಲ್ಲಿ ಬಹುಪಾಲು ಅಮೆರಿಕದಿಂದ ಬಂದವು. ಯೊಸೆಮಿಟಿಯಿಂದ 4,421 ಮೀಟರಿನ ಮೌಂಟ್ ವಿಟ್ನಿಯವರೆಗಿನ ಜಾನ್ ಮ್ಯೂರ್ ಟ್ರೇಲನ್ನು ಒಬ್ಬರೇ ನಡೆಯುವವರು ಅನೇಕರು. ಅಲ್ಲಿ ಪರ್ಮಿಟ್ ವ್ಯವಸ್ಥೆಯಿದೆ, ರೇಂಜರ್‌ಗಳಿದ್ದಾರೆ, ಊಟವನ್ನು ಕರಡಿಗೆ ಸಿಗದಂತೆ ಇಡುವ ಡಬ್ಬಿಯ ನಿಯಮವಿದೆ, ಗುಂಡಿ ಒತ್ತಿದರೆ ಉಪಗ್ರಹದ ಮೂಲಕ ಸಹಾಯ ಕೇಳುವ ಸಾಧನ ಸಾಮಾನ್ಯ. ಭಾರತದಲ್ಲಿ ದೂರಸಂಪರ್ಕ ಇಲಾಖೆಯ ಅನುಮತಿಯಿಲ್ಲದೆ ಅಂಥ ಸಾಧನ ಇಟ್ಟುಕೊಳ್ಳುವುದೇ ಅಪರಾಧ. ಅದಕ್ಕಾಗಿ ವಿಮಾನ ನಿಲ್ದಾಣಗಳಲ್ಲಿ ಪ್ರವಾಸಿಗರನ್ನು ತಡೆದಿದ್ದೂ ಉಂಟು. ಅಂದರೆ ಆ ಸಲಹೆಗಳ ಅಡಿಪಾಯವೇ ಇಲ್ಲಿಲ್ಲ. ಗಡಿಯ ಭದ್ರತೆ ಕಾರಣವೆಂಬುದು ಅರ್ಥವಾಗುತ್ತದೆ. ಆದರೂ ಪರ್ಮಿಟ್ ಕೊಡುವಲ್ಲೇ ತುರ್ತು ಸಾಧನವೊಂದನ್ನು ಬಾಡಿಗೆಗೆ ಕೊಟ್ಟು ವಾಪಸ್ ಪಡೆಯುವ ಏರ್ಪಾಡು ಸರ್ಕಾರ ಮಾಡಲೇಬೇಕು. ನೇಪಾಳ 2023ರ ಏಪ್ರಿಲ್‌ನಿಂದ ವಿದೇಶಿ ಚಾರಣಿಗರಿಗೆ ಗೈಡ್ ಕಡ್ಡಾಯವೆಂದಿತು. ಅದಕ್ಕಿಂತ ಇದು ಹೆಚ್ಚು ಪ್ರಾಮಾಣಿಕ ಪರಿಹಾರವೆಂದು ನನ್ನ ನಂಬಿಕೆ.

ನಮ್ಮವರ ತಯಾರಿಯಲ್ಲೂ ಒಂದು ಭ್ರಮೆಯಿದೆ. ಕುಮಾರಪರ್ವತವನ್ನು ಒಂದೇ ದಿನದಲ್ಲಿ ಹತ್ತಿಳಿದವರು ಹಿಮಾಲಯಕ್ಕೆ ತಾವು ಸಿದ್ಧರೆಂದು ತಿಳಿಯುತ್ತಾರೆ. ಆ ಹತ್ತುವಿಕೆ ಕಾಲಿಗೆ, ಎದೆಗೆ ಒಳ್ಳೆಯ ಕಸರತ್ತು. ಆದರೆ ಅದರ ಎತ್ತರ 1,712 ಮೀಟರ್. ರಾಜ್ಯದಲ್ಲೇ ಎತ್ತರದ ಮುಳ್ಳಯ್ಯನಗಿರಿಯೂ 2,000 ತಲುಪುವುದಿಲ್ಲ. ತೆಳುಗಾಳಿಗೆ ಮೈ ಹೇಗೆ ಒಗ್ಗುತ್ತದೆಂಬುದು ಇಲ್ಲಿ ತಿಳಿಯುವಂತಿಲ್ಲ, ಗಟ್ಟಿಮುಟ್ಟಾದವರು ಬೇಗ ಬೇಗ ಹತ್ತಿ ಬೇಗ ಕಾಯಿಲೆ ಬೀಳುವುದೂ ಉಂಟು. 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚಿಸಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಒಂದು ದಿನ ನಿಲ್ಲಬೇಕು ಎಂಬ ನಿಯಮಕ್ಕೆ ಫಿಟ್‌ನೆಸ್ ಪರ್ಯಾಯವಲ್ಲ.

ಇನ್ನು ‘ಒಂಟಿ’ ಎಂಬ ಹೆಮ್ಮೆ. 1980ರ ಆಗಸ್ಟ್ 20ರಂದು ರೈನ್‌ಹೋಲ್ಡ್ ಮೆಸ್ನರ್ ಆಮ್ಲಜನಕವಿಲ್ಲದೆ ಒಬ್ಬರೇ ಎವರೆಸ್ಟ್ ಏರಿದರು. ಹತ್ತಲು ಶುರುಮಾಡಿದ ಮೊದಲ ಹಂತದಲ್ಲೇ ಹಿಮ ಕುಸಿದು ಬಿರುಕಿನೊಳಗೆ ಬಿದ್ದು ಹೇಗೋ ಹೊರಬಂದಿದ್ದರು. ಈ ಸಾಹಸದಲ್ಲೂ ಕೆಳಗಿನ ಶಿಬಿರದಲ್ಲಿ ಅವರ ಗೆಳತಿ ನೇನಾ ಹೋಲ್ಗಿನ್ ಕಾದಿದ್ದರು. ಇಂದ್ರಹಾರ್ ದಾಟುವ ಗದ್ದಿ ಕುರಿಗಾಹಿಗಳಿಗೆ ಆ ದಾರಿ ಅಂಗೈ ಗೆರೆಯಷ್ಟು ಪರಿಚಿತ, ಆದರೂ ಅವರು ಮಂದೆಯೊಂದಿಗೆ ಹೊರಡುವುದು ಜೊತೆ ಕಟ್ಟಿಕೊಂಡೇ, ನಾಯಿಗಳೊಂದಿಗೇ.

ನನ್ನ ತೀರ್ಪು ಹೀಗಿದೆ. ಊರಿಂದ ಊರಿಗೆ ಸಾಗುವ, ಸಂಜೆಗೆ ಮನೆಯೋ ಢಾಬಾವೋ ಸಿಗುವ ದಾರಿಗಳಲ್ಲಿ ಒಬ್ಬರೇ ಹೋಗಿ. ಅದರ ಸುಖಕ್ಕೆ ಸಾಟಿಯಿಲ್ಲ. ಅದಕ್ಕಿಂತ ಮೇಲೆ, ಹಿಮ ಮತ್ತು ಪಾಸ್‌ಗಳ ಕಡೆಗೆ, ಅಲ್ಲಿಯ ಊರಿನ ಒಬ್ಬರನ್ನು ಜೊತೆಗೆ ಕರೆದುಕೊಳ್ಳಿ. ಅದಕ್ಕೂ ಒಪ್ಪದವರು ತೀರ್ಮಾನಗಳನ್ನು ಕೆಳಗೇ, ತಲೆ ನೆಟ್ಟಗಿರುವಾಗಲೇ, ಮಾಡಿ ಬರೆದಿಡಬೇಕು: ಎಷ್ಟು ಗಂಟೆಗೆ ಎಲ್ಲಿದ್ದರೂ ತಿರುಗಬೇಕು, ಯಾವ ಲಕ್ಷಣ ಕಂಡರೆ ಇಳಿಯಬೇಕು, ಯಾವ ತೊರೆಯನ್ನು ಮಧ್ಯಾಹ್ನದ ನೀರು ಏರುವ ಮೊದಲು ದಾಟಬೇಕು. 2003ರಲ್ಲಿ ಯೂಟಾದ ಕಮರಿಯಲ್ಲಿ ಬಂಡೆಗೆ ಕೈ ಸಿಕ್ಕಿಕೊಂಡ ಆರನ್ ರಾಲ್ಸ್ಟನ್ ಎಲ್ಲಿಗೆ ಹೋಗುತ್ತೇನೆಂದು ಯಾರಿಗೂ ಹೇಳಿರಲಿಲ್ಲ. ಕೊನೆಗೆ ತನ್ನ ಕೈಯನ್ನೇ ಕತ್ತರಿಸಿಕೊಂಡು ಹೊರಬರಬೇಕಾಯಿತು. ಆದ್ದರಿಂದ ದಾರಿ, ಮರಳುವ ದಿನ, ಮನೆಯ ಫೋನ್ ನಂಬರ್ ಬರೆದ ಚೀಟಿಯೊಂದು ಕೊನೆಯ ಚಹಾ ಅಂಗಡಿಯವರ ಕೈಯಲ್ಲಿರಲಿ. ಹೇಳಿದ ದಿನ ನೀವು ಬಾರದಿದ್ದರೆ ಎಲ್ಲಿ ಹುಡುಕಬೇಕೆಂಬುದು ಅವರಿಗಾದರೂ ಗೊತ್ತಿರುತ್ತದೆ.