ಡಬ್ಬಿಯ ಮೇಲಿನ 600

ಮನೆಯ ಕರೆಂಟಿನ ತಂತಿಯ ಮೇಲೆಯೇ ಇಂಟರ್ನೆಟ್ ಸಾಗಿಸುವ ಪವರ್‌ಲೈನ್ ಅಡಾಪ್ಟರಿನ ತಕರಾರು ಅದರ ಹೆಸರಿನಿಂದಲೇ ಶುರುವಾಗುತ್ತದೆ. ಟಿಪಿ-ಲಿಂಕ್ ಕಂಪನಿಯ ಟಿಎಲ್-ಪಿಎ4010 ಎಂಬ ಪುಟ್ಟ ಅಡಾಪ್ಟರ್ ಮೊದಲು ‘ಎವಿ500’ ಎಂದು, ಆಮೇಲೆ ‘ಎವಿ600’ ಎಂದು ಮಾರಾಟವಾಯಿತು. 600 ಅಂದರೆ ಸೆಕೆಂಡಿಗೆ 600 ಮೆಗಾಬಿಟ್ ಎಂದು ಕೊಳ್ಳುವವರು ಓದಿಕೊಳ್ಳುತ್ತಾರೆ. ಅದೇ ಅಡಾಪ್ಟರಿನ ನೆಟ್‌ವರ್ಕ್ ಪೋರ್ಟ್ ಮಾತ್ರ 100 ಮೆಗಾಬಿಟ್‌ನದು. ಗೋಡೆಯೊಳಗೆ ಎಷ್ಟೇ ಓಡಲಿ, ಟಿವಿಗೆ ಸಿಗುವುದು ನೂರರೊಳಗೇ. ಕಂಪನಿ ಇದನ್ನು ಬಚ್ಚಿಟ್ಟಿಲ್ಲ, ವಿವರಪಟ್ಟಿಯಲ್ಲಿ ಬರೆದೇ ಇದೆ. ಈ ಚಾಳಿ ಅದೊಂದು ಕಂಪನಿಯದೂ ಅಲ್ಲ. ತಂತಿಯ ಮೇಲೆ ಲೆಕ್ಕದಲ್ಲಿ ಸಾಧ್ಯವಿರುವ ವೇಗವನ್ನೆಲ್ಲ ಕೂಡಿಸಿ, ತಪ್ಪು ತಿದ್ದುವುದಕ್ಕೂ ಸರದಿ ಕಾಯುವುದಕ್ಕೂ ಹೋಗುವ ಪಾಲನ್ನು ಕಳೆಯದೆ, ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕುವುದು ಇಡೀ ಉದ್ಯಮದ ರೂಢಿ. 1200 ಎಂದು ಬರೆದ ಅಡಾಪ್ಟರ್ ಜೋಡಿಯಿಂದ (ಒಂದು ರೂಟರ್ ಬಳಿ, ಇನ್ನೊಂದು ಟಿವಿ ಬಳಿ) ಒಳ್ಳೆಯ ವೈರಿಂಗ್ ಇರುವ ಮನೆಯಲ್ಲಿ ಇನ್ನೂರು ಮುನ್ನೂರು ಸಿಕ್ಕರೆ ಅದು ಪುಣ್ಯ.

ಸಂಖ್ಯೆ ಉಬ್ಬಿಸಿದ್ದು ಎಂಬ ಕಾರಣಕ್ಕೆ ವಸ್ತುವನ್ನೇ ತಳ್ಳಿಹಾಕುವವನು ನಾನಲ್ಲ. ನನ್ನ ದೂರು ಬೇರೆ. ಈ ಅಡಾಪ್ಟರ್ ಒಂದು ಮನೆಯಲ್ಲಿ ಗೆಲ್ಲುತ್ತದೋ ಸೋಲುತ್ತದೋ ಎಂಬುದು ಆ ಮನೆಯ ಕೋಣೆಗಳಿಗೆ ಕರೆಂಟು ಹಂಚುವ ಡಿಬಿ ಪೆಟ್ಟಿಗೆಯಲ್ಲಿ ತೀರ್ಮಾನವಾಗುತ್ತದೆ. ಅದನ್ನು ಮಾತ್ರ ಯಾರೂ ದೊಡ್ಡ ಅಕ್ಷರದಲ್ಲಿ ಹೇಳುವುದಿಲ್ಲ.

ಅಹಮದಾಬಾದಿನ ಬೋಡಕ್‌ದೇವ್ ಇದಕ್ಕೆ ಒಳ್ಳೆಯ ಪರೀಕ್ಷಾ ಕಣ. ಎಸ್.ಜಿ. ಹೆದ್ದಾರಿ, ಜಡ್ಜಸ್ ಬಂಗ್ಲೋ ರಸ್ತೆ, ಸಿಂಧು ಭವನ ರಸ್ತೆಗಳ ಸುತ್ತ ಹಳೆಯ ಬಂಗಲೆಗಳೂ ಹೊಸ ಟವರುಗಳೂ ಒತ್ತೊತ್ತಾಗಿ ನಿಂತಿವೆ. ಜಿಟಿಪಿಎಲ್ ಹ್ಯಾಥ್‌ವೇ ಎಂಬ ದೊಡ್ಡ ಕೇಬಲ್ ಮತ್ತು ಬ್ರಾಡ್‌ಬ್ಯಾಂಡ್ ಕಂಪನಿಯ ಕಚೇರಿಯೇ ಇಲ್ಲಿದೆ. ಫೈಬರ್ ಬಾಗಿಲ ತನಕ ಬರುತ್ತದೆ. ತೊಡಕು ಬಾಗಿಲಿನಿಂದ ಒಳಗೆ. ರೂಟರ್ ಹಾಲಿನ ಮೂಲೆಯಲ್ಲಿ, ಟಿವಿ ಕೊನೆಯ ಮಲಗುವ ಕೋಣೆಯಲ್ಲಿ. ನಡುವೆ ಕಾಂಕ್ರೀಟ್ ಕಂಬ, ಇಟ್ಟಿಗೆ ಗೋಡೆ, ಬಚ್ಚಲುಮನೆಯ ಟೈಲ್ಸು. ಇಸ್ರೋದ ಬಾಹ್ಯಾಕಾಶ ಉಪಯೋಗ ಕೇಂದ್ರಕ್ಕೋ ಬ್ಯಾಂಕಿಗೋ ಸಾಫ್ಟ್‌ವೇರ್ ಕಂಪನಿಗೋ ಬಂದು ಈ ಭಾಗದಲ್ಲಿ ಬಾಡಿಗೆಗಿರುವ ಕನ್ನಡದ ಮನೆಯವರು ಗೋಡೆ ಕೊರೆಯುವಂತಿಲ್ಲ. ಕರಾರುಪತ್ರದಲ್ಲಿ ಮೊಳೆ ಹೊಡೆಯುವುದಕ್ಕೂ ನಿಷೇಧವಿರುತ್ತದೆ. ಗೋಡೆಯೊಳಗೆ ಆಗಲೇ ಇರುವ ಕರೆಂಟಿನ ತಂತಿಯನ್ನೇ ಬಳಸಿಕೊಳ್ಳಿ ಎನ್ನುವ ವಸ್ತು ಇಂಥವರಿಗೆ ಹಿತವಾಗಿ ಕೇಳಿಸುವುದು ಸಹಜ.

    

ಕರೆಂಟಿನ ತಂತಿಯ ಮೇಲೆ ಸಂಕೇತ ಕಳಿಸುವ ಈ ತಂತ್ರ ಹೊಸದಲ್ಲ. ವಿದ್ಯುತ್ ನಿಗಮಗಳು ಉಪಕೇಂದ್ರಗಳ ನಡುವಿನ ದೂರವಾಣಿ ಮಾತನ್ನು ಹೈಟೆನ್ಷನ್ ತಂತಿಯ ಮೇಲೆಯೇ ಕಳಿಸುತ್ತ ಬಂದು ದಶಕಗಳಾದವು. ಉಪಕೇಂದ್ರದ ಅಂಗಳದಲ್ಲಿ ಪೀಪಾಯಿಯಂತೆ ತೂಗುವ ವೇವ್ ಟ್ರ್ಯಾಪುಗಳು ಆ ಕೆಲಸದವೇ. ಮನೆಯೊಳಗಿನ ರೂಪಕ್ಕೆ 2000ದಲ್ಲಿ ಹೋಮ್‌ಪ್ಲಗ್ ಎಂಬ ಕಂಪನಿಗಳ ಕೂಟ ಹುಟ್ಟಿತು. 2001ರ ಮೊದಲ ಮಾನಕ 14 ಮೆಗಾಬಿಟ್, 2005ರದು 200, 2012ರ ಎವಿ2 ಸಾವಿರ ದಾಟಿದ ಮಾತು. ಕರೆಂಟು ಸೆಕೆಂಡಿಗೆ 50 ಸಲ ತೂಗುತ್ತಿರುವಾಗಲೇ ಅದರ ಬೆನ್ನ ಮೇಲೆ 2ರಿಂದ 30 ಮೆಗಾಹರ್ಟ್ಸ್‌ನ ನೂರಾರು ಸಣ್ಣ ವಾಹಕಗಳು ಒಟ್ಟಿಗೆ ಸಾಗುತ್ತವೆ. ಎವಿ2 ಇನ್ನೂ ಮೇಲಕ್ಕೆ, 86ರವರೆಗೆ ಹೋಗುತ್ತದೆ. ಗದ್ದಲವಿರುವ ವಾಹಕದ ಮೇಲೆ ಕಡಿಮೆ ಹೊರೆ, ನಿಶ್ಶಬ್ದವಿರುವ ಕಡೆ ಹೆಚ್ಚು ಹೊರೆ. ಕರೆಂಟಿನ ಪ್ರತಿ ಆವರ್ತದಲ್ಲೂ ಗದ್ದಲ ಎಲ್ಲಿ ಏಳುತ್ತದೆ, ಎಲ್ಲಿ ಇಳಿಯುತ್ತದೆ ಎಂಬುದನ್ನೂ ಅಡಾಪ್ಟರ್ ಕಲಿತುಕೊಳ್ಳುತ್ತದೆ. ಎಂಜಿನಿಯರಿಂಗ್ ದೃಷ್ಟಿಯಿಂದ ನೋಡಿದರೆ ಮೆಚ್ಚಲೇಬೇಕು: ಡೇಟಾಕ್ಕಾಗಿ ಎಳೆಯದ ತಂತಿಯಿಂದ ಇಷ್ಟನ್ನು ಹಿಂಡಿ ತೆಗೆಯುವುದು ಸಣ್ಣ ಸಾಧನೆಯಲ್ಲ.

ಈಗ ಡಿಬಿ ಪೆಟ್ಟಿಗೆಗೆ ಬರೋಣ. ಮೂರು ನಾಲ್ಕು ಎಸಿ ಇರುವ ಬೋಡಕ್‌ದೇವ್ ಮನೆಗೆ ಟೊರೆಂಟ್ ಪವರ್‌ನಿಂದ ಬರುವುದು ಸಾಮಾನ್ಯವಾಗಿ ತ್ರೀ ಫೇಸ್. ಹೊರೆ ಸಮನಾಗಿರಲಿ ಎಂದು ಇಲೆಕ್ಟ್ರಿಷಿಯನ್ ಹಾಲನ್ನು ಕೆಂಪು ತಂತಿಗೆ, ಒಂದು ಮಲಗುವ ಕೋಣೆಯನ್ನು ಹಳದಿಗೆ, ಅಡುಗೆಮನೆಯನ್ನು ನೀಲಿಗೆ ಹಂಚಿರುತ್ತಾನೆ. ಎಸಿಗೂ ಗೀಸರಿಗೂ ಈ ಹಂಚಿಕೆ ಸರಿಯೇ. ಪವರ್‌ಲೈನ್ ಅಡಾಪ್ಟರಿಗೆ ಮಾತ್ರ ಹಾಲ್ ಒಂದು ದ್ವೀಪ, ಕೋಣೆ ಇನ್ನೊಂದು ದ್ವೀಪ. ಫೇಸುಗಳ ನಡುವೆ ಸಂಕೇತ ಪೂರ್ತಿ ಸಾಯುವುದಿಲ್ಲ. ಒಂದೇ ಪೈಪಿನಲ್ಲಿ ಪಕ್ಕಪಕ್ಕ ಓಡುವ ತಂತಿಗಳ ನಡುವೆ, ಡಿಬಿಯ ಒಳಗೆ, ಅಷ್ಟಿಷ್ಟು ಹಾರಿಕೊಂಡು ದಾಟುತ್ತದೆ. ಹಾಗೆ ದಾಟಿದ್ದು ಕೃಶವಾಗಿರುತ್ತದೆ. ಅಡಾಪ್ಟರಿನ ದೀಪ ಉರಿಯುತ್ತದೆ, ಜೋಡಿ ಕೂಡಿದೆ ಎನ್ನುತ್ತದೆ, ಸಿನಿಮಾ ಮಾತ್ರ ಮುಂದೆ ಹೋಗುವುದಿಲ್ಲ. ಹಾಲಿನ ಎರಡು ಪಾಯಿಂಟುಗಳ ನಡುವೆ ಪರೀಕ್ಷಿಸಿ ಭೇಷ್ ಎಂದವರು ಕೋಣೆಗೆ ಒಯ್ದ ಕೂಡಲೇ ಬೈಯುವುದಕ್ಕೆ ಬಹುಪಾಲು ಇದೇ ಕಾರಣ. ಬೆಂಗಳೂರಿನ ಸಿಂಗಲ್ ಫೇಸ್ ಮನೆಯಲ್ಲಿ ಚೆನ್ನಾಗಿ ನಡೆದ ಅದೇ ಜೋಡಿ ಇಲ್ಲಿ ಮುಗ್ಗರಿಸಬಹುದು.

ಪರಿಹಾರ ಇದೆ, ಅದಕ್ಕೂ ಗೋಡೆ ಕೊರೆಯಬೇಕಿಲ್ಲ. ಡಿಬಿಯಲ್ಲಿ ಒಂದೊಂದೇ ಎಂಸಿಬಿ ಸ್ವಿಚ್ ಇಳಿಸಿ ಯಾವ ಪಾಯಿಂಟ್ ಆರುತ್ತದೆ ಎಂದು ನೋಡಿ, ಆ ಎಂಸಿಬಿ ಯಾವ ಬಣ್ಣದ ಫೇಸಿನದು ಎಂದು ಇಲೆಕ್ಟ್ರಿಷಿಯನ್ ಭಾಯಿಯನ್ನು ಕೇಳಿದರೆ ಮನೆಯ ನಕ್ಷೆ ಸಿಗುತ್ತದೆ. ಆಮೇಲೆ ರೂಟರನ್ನು ಕೋಣೆಯ ಫೇಸಿನ ಪಾಯಿಂಟಿಗೆ ಸರಿಸಬಹುದು, ಇಲ್ಲವೇ ಎಸಿ ಇಲ್ಲದ ಒಂದು ಸಣ್ಣ ಸರ್ಕಿಟ್ಟನ್ನು ಮಾಲೀಕರ ಒಪ್ಪಿಗೆ ಪಡೆದು ಬೇರೆ ಫೇಸಿಗೆ ಹಾಕಿಸಬಹುದು. ಇದನ್ನು ಲೈಸೆನ್ಸ್ ಇರುವವರೇ ಮಾಡಬೇಕು. ಯೂಟ್ಯೂಬ್ ನೋಡಿ ಡಿಬಿಗೆ ಕೈ ಹಾಕುವ ಧೈರ್ಯ ಬೇಡ.

ಪ್ಲಗ್ಗಿನದೂ ಒಂದು ಕಥೆಯಿದೆ. ಎವಿ2 ತನ್ನ ಗರಿಷ್ಠ ವೇಗ ಗಳಿಸುವುದು ಫೇಸ್, ನ್ಯೂಟ್ರಲ್ ಜೊತೆಗೆ ಅರ್ಥ್ ತಂತಿಯನ್ನೂ ದಾರಿ ಮಾಡಿಕೊಂಡು. ಹೊರದೇಶದಿಂದ ತಂದ ಎಷ್ಟೋ ಜೋಡಿಗಳಿಗೆ ಯುರೋಪಿನ ದುಂಡು ಪಿನ್ನಿರುತ್ತದೆ, ಅದರ ಅರ್ಥ್ ಪಕ್ಕದ ಲೋಹದ ಪಟ್ಟಿಯಲ್ಲಿ. ನಮ್ಮ 6 ಆಂಪಿಯರ್ ಪಾಯಿಂಟಿನಲ್ಲಿ ಆ ಎರಡು ಪಿನ್ ಹೇಗೋ ಕೂರುತ್ತವೆ, ಅರ್ಥ್ ಮಾತ್ರ ಗಾಳಿಯಲ್ಲಿ. ದುಡ್ಡು ಕೊಟ್ಟದ್ದು ಮೂರು ತಂತಿಯ ವೇಗಕ್ಕೆ, ಸಿಕ್ಕದ್ದು ಎರಡರದು. ಅಗ್ಗದ ಕನ್ವರ್ಟರ್ ಹಾಕಿದರೂ ಅಷ್ಟೇ. ಇನ್ನು ಸ್ಪೈಕ್ ಗಾರ್ಡಿಗೆ ಸಿಕ್ಕಿಸಿದರಂತೂ ಮುಗಿಯಿತು: ಕರೆಂಟಿನ ಮೇಲಿನ ಏರುಪೇರನ್ನು ನುಂಗುವುದು ಅದರ ಕೆಲಸ, ಅಡಾಪ್ಟರಿನ ಸಂಕೇತವೂ ಅದರ ಕಣ್ಣಿಗೆ ಏರುಪೇರೇ.

ಗದ್ದಲದ ಮೂಲಗಳನ್ನು ಮನೆಯವರೆಲ್ಲ ಬಲ್ಲರು: ಅಗ್ಗದ ಎಲ್‌ಇಡಿ ಬಲ್ಬಿನ ಡ್ರೈವರ್, ಮೊಬೈಲ್ ಚಾರ್ಜರ್, ಮಿಕ್ಸಿ, ಇನ್ವರ್ಟರ್ ಎಸಿ. ಅಹಮದಾಬಾದಿನ ಮೇ ತಿಂಗಳಲ್ಲಿ ಕೊನೆಯದು ಹಗಲೂ ರಾತ್ರಿ ಓಡುತ್ತದೆ. ಜನವರಿಯ ಬೆಳಗ್ಗೆ ಅಳೆದ ವೇಗ ಮೇ ತಿಂಗಳ ರಾತ್ರಿಗೆ ಸಾಕ್ಷಿಯಾಗಲಾರದು. ಒಂದು ವಿಷಯದಲ್ಲಿ ಈ ಊರು ಬೆಂಗಳೂರಿಗಿಂತ ಮೇಲು. ಅಲ್ಲಿ ರೂಟರ್ ಯುಪಿಎಸ್ ಲೈನಿನಲ್ಲಿ, ಕೋಣೆಯ ಟಿವಿ ನೇರ ಲೈನಿನಲ್ಲಿ ಇರುವುದು ಸಾಮಾನ್ಯ. ಯುಪಿಎಸ್ ದಾಟುವಾಗ ಸಂಕೇತ ಸೊರಗುತ್ತದೆ. ಕರೆಂಟು ಅಪರೂಪಕ್ಕೆ ಹೋಗುವ ಬೋಡಕ್‌ದೇವ್‌ನಲ್ಲಿ ಯುಪಿಎಸ್ ಇಟ್ಟ ಮನೆಗಳೇ ಕಡಿಮೆ, ಆ ಒಂದು ಅಡ್ಡಿ ತಪ್ಪಿತು.

ಇಷ್ಟಕ್ಕೂ ಟಿವಿಗೆ ಬೇಕಾದದ್ದು ಎಷ್ಟು? ನೆಟ್‌ಫ್ಲಿಕ್ಸ್ 4ಕೆ ಚಿತ್ರಕ್ಕೆ ಕೇಳುವುದು 15 ಮೆಗಾಬಿಟ್. ಹಾರ್ಡ್‌ಡಿಸ್ಕಿಗೆ ಇಳಿಸಿಕೊಂಡ 4ಕೆ ಬ್ಲೂ-ರೇ ಚಿತ್ರವನ್ನು ಒಂದು ಕೋಣೆಯಿಂದ ಇನ್ನೊಂದಕ್ಕೆ ಹರಿಸುವುದಾದರೆ ಲೆಕ್ಕ ಬೇರೆ, ಅದು ಒಮ್ಮೊಮ್ಮೆ ನೂರನ್ನೂ ದಾಟುತ್ತದೆ. 100ರ ಪೋರ್ಟಿನ ಅಡಾಪ್ಟರ್ ಅಲ್ಲಿ ಕೈ ಎತ್ತುತ್ತದೆ. ಉಳಿದವರಿಗೆ ಏರಿಳಿತವಿಲ್ಲದ ನಲವತ್ತು ಧಾರಾಳ. ಏರಿಳಿತವಿಲ್ಲದ ಎಂಬುದೇ ಇಲ್ಲಿ ಮುಖ್ಯ. ಸಿನಿಮಾ ಮುಂದಿನ ನಿಮಿಷಗಳನ್ನು ಮೊದಲೇ ತಂದಿಟ್ಟುಕೊಳ್ಳುತ್ತದೆ, ನಡುವೆ ಸಂಕೇತ ತಡವರಿಸಿದರೂ ನೋಡುವವರಿಗೆ ಗೊತ್ತಾಗುವುದಿಲ್ಲ. ನೇರ ಪ್ರಸಾರಕ್ಕೆ ಅಷ್ಟು ದಾಸ್ತಾನು ಇಲ್ಲ. 2025ರ ಜೂನ್ 3ರ ರಾತ್ರಿ ಆರ್‌ಸಿಬಿ ಪಂಜಾಬ್ ಕಿಂಗ್ಸನ್ನು 6 ರನ್ನುಗಳಿಂದ ಸೋಲಿಸಿ ಮೊದಲ ಐಪಿಎಲ್ ಕಪ್ಪು ಎತ್ತಿದ್ದು ಇದೇ ಊರಿನ ಮೊಟೇರಾ ಮೈದಾನದಲ್ಲಿ. ಅಂಥ ಪಂದ್ಯದ ಕೊನೆಯ ಓವರಿನಲ್ಲಿ ಮಿಕ್ಸಿ ತಿರುಗಿಸಿದರೆ ಪವರ್‌ಲೈನಿನ ನಿಜವಾದ ಅಂಕ ಗೊತ್ತಾಗುತ್ತದೆ. ನನ್ನ ಮಟ್ಟಿಗೆ ಅಡಾಪ್ಟರಿಗೆ ಇರಬೇಕಾದ ಪರೀಕ್ಷೆ ಅದೇ, ಸ್ಪೀಡ್ ಟೆಸ್ಟಿನ ಗರಿಷ್ಠ ಸಂಖ್ಯೆಯಲ್ಲ.

ನೆರೆಹೊರೆಯ ಮಾತೂ ಇದೆ. ಮೀಟರ್ ದಾಟಿ ಸಂಕೇತ ಪಕ್ಕದ ಮನೆಗೆ ಸೋರಬಹುದು. ಡಬ್ಬಿಯಿಂದ ತೆಗೆದ ಹೋಮ್‌ಪ್ಲಗ್ ಅಡಾಪ್ಟರುಗಳಿಗೆ ಸಾಮಾನ್ಯವಾಗಿ ಒಂದೇ ಕೀಲಿಪದ ಇರುತ್ತದೆ, ‘ಪೇರ್’ ಗುಂಡಿ ಒತ್ತಿ ಹೊಸದು ಮಾಡಿಕೊಳ್ಳದ ಮನೆಯ ಜಾಲಕ್ಕೆ ಪಕ್ಕದವರ ಅಡಾಪ್ಟರ್ ತಾನಾಗಿ ಸೇರಿಕೊಂಡರೆ ಅಚ್ಚರಿಪಡಬೇಕಿಲ್ಲ. ಇನ್ನೊಂದು ಸೋರಿಕೆ ಆಕಾಶಕ್ಕೆ. 2ರಿಂದ 30 ಮೆಗಾಹರ್ಟ್ಸ್ ಎಂಬುದು ಶಾರ್ಟ್‌ವೇವ್ ರೇಡಿಯೊದ ನೆಲ, ಹವ್ಯಾಸಿ ರೇಡಿಯೊದವರಾದ ಹ್ಯಾಮ್‌ಗಳ ನೆಲ. 2001ರ ಜನವರಿ 26ರ ಭೂಕಂಪದಲ್ಲಿ ಭುಜ್‌ನ ಫೋನುಗಳು ಸತ್ತಾಗ ಸುದ್ದಿ ಸಾಗಿಸಿದವರಲ್ಲಿ ಹ್ಯಾಮ್‌ಗಳೂ ಇದ್ದರು. ಹ್ಯಾಮ್ ಪಟ್ಟಿಗಳನ್ನು ಬಿಟ್ಟು ಓಡುವಂತೆ ಮಾನಕದಲ್ಲೇ ಕಡಿತಗಳನ್ನು ಇಟ್ಟಿರುವುದು ಸಮಾಧಾನದ ಸಂಗತಿ. ಉಳಿದ ಶಾರ್ಟ್‌ವೇವ್ ಕೇಳುಗರಿಗೆ ಆ ರಕ್ಷಣೆ ಎಲ್ಲೆಡೆ ಇಲ್ಲ.

ಮಾರುಕಟ್ಟೆಯೂ ತನ್ನ ತೀರ್ಪು ಕೊಟ್ಟಂತಿದೆ. ಹೋಮ್‌ಪ್ಲಗ್ ಕೂಟ ಕಣ್ಮರೆಯಾಗಿದೆ, ಜಿ.ಎಚ್‌ಎನ್ ಎಂಬ ಪ್ರತಿಸ್ಪರ್ಧಿ ಮಾನಕ ಅಲ್ಲಲ್ಲಿ ಉಸಿರಾಡುತ್ತಿದೆ, ಮನೆಯಲ್ಲಿ ಅಲ್ಲಲ್ಲಿ ಪುಟ್ಟ ವೈಫೈ ಪೆಟ್ಟಿಗೆ ಇಡುವ ಮೆಶ್ ವೈಫೈ ಜನರ ಮನಸ್ಸು ಗೆದ್ದಿದೆ. ಸೋಜಿಗವೆಂದರೆ ಅದೇ ಹೋಮ್‌ಪ್ಲಗ್‌ನ ಒಂದು ತಮ್ಮ, ಗ್ರೀನ್ ಫೈ, ಎಸ್.ಜಿ. ಹೆದ್ದಾರಿಯ ಸಿಸಿಎಸ್2 ಚಾರ್ಜರುಗಳಲ್ಲಿ ಎಲೆಕ್ಟ್ರಿಕ್ ಕಾರಿನೊಂದಿಗೆ ಮಾತಾಡುವ ಭಾಷೆಯಾಗಿ ಸುಖವಾಗಿದೆ. ಅಲ್ಲಿ ತಂತಿ ಒಂದೇ, ಗಿಡ್ಡ, ತುದಿಗಳು ಎರಡೇ, ನಡುವೆ ಮಿಕ್ಸಿ ಇಲ್ಲ. ತಂತಿಯ ಗುಣ ಮೊದಲೇ ಗೊತ್ತಿರುವ ಕಡೆ ಈ ತಂತ್ರ ಎಷ್ಟು ಗಟ್ಟಿ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಸ್ವಂತ ಮನೆಯಾದರೆ ಲ್ಯಾಂಡ್‌ಲೈನಿಗೋ ಡಿಶ್ಶಿಗೋ ಎಂದು ಹಾಕಿಸಿದ್ದ ಪೈಪಿನಲ್ಲಿ ಕ್ಯಾಟ್6 ನೆಟ್‌ವರ್ಕ್ ತಂತಿ ಎಳೆಸಿಬಿಡಿ, ಅದರ ಮುಂದೆ ಉಳಿದದ್ದೆಲ್ಲ ಎರಡನೇ ದರ್ಜೆ. ಬಾಡಿಗೆ ಮನೆಯಲ್ಲಿ, ಗೋಡೆ ಒಂದೆರಡೇ ಇದ್ದರೆ ಮೆಶ್ ಸಾಕು. ಮಹಡಿ ಮೇಲೆ ಮಹಡಿ ಇರುವ ಬಂಗಲೆಯಲ್ಲಿ, ವೈಫೈ ಸ್ಲ್ಯಾಬ್ ದಾಟದೆ ನಿಂತ ಕಡೆ, ಪವರ್‌ಲೈನಿಗೆ ಅವಕಾಶ ಕೊಡುವುದು ನ್ಯಾಯ. ಕೊಳ್ಳುವಾಗ ಗಿಗಾಬಿಟ್ ಪೋರ್ಟ್ ಮತ್ತು ಅರ್ಥ್ ಪಿನ್ ಇರುವುದನ್ನೇ, ವಾಪಸ್ ತೆಗೆದುಕೊಳ್ಳುವ ಅಂಗಡಿಯಿಂದಲೇ ಕೊಳ್ಳಿ. ಪರೀಕ್ಷೆಯನ್ನು ರಾತ್ರಿ ಒಂಬತ್ತಕ್ಕೆ, ಎಸಿಗಳೆಲ್ಲ ಓಡುತ್ತಿರುವಾಗ, ನೇರ ಪ್ರಸಾರವೊಂದನ್ನು ಹಾಕಿಕೊಂಡು ಮಾಡಿ. ತಡವರಿಸಿದರೆ ಮರುದಿನವೇ ಡಬ್ಬಿಗೆ ಹಾಕಿ ಹಿಂದಿರುಗಿಸಿ.