ದೋಣಿಯಿಲ್ಲದ ಮೀನುಬೇಟೆ: ಹೆಮಿಂಗ್‌ವೇಯ ನದಿಕಥೆಯ ಒಂದು ಚಾರಿತ್ರಿಕ ವಿಮರ್ಶೆ

ಅರ್ನೆಸ್ಟ್ ಹೆಮಿಂಗ್‌ವೇಯ ‘ಬಿಗ್ ಟೂ-ಹಾರ್ಟೆಡ್ ರಿವರ್’ ಎಂಬ ಕಥೆಯಲ್ಲಿ ನಡೆಯುವುದು ಅತ್ಯಲ್ಪ. ನಿಕ್ ಆಡಮ್ಸ್ ಎಂಬ ತರುಣನು ಮಿಷಿಗನ್ ಪ್ರಾಂತದ ಉತ್ತರ ಭಾಗದಲ್ಲಿರುವ ಸೇನಿ ಎಂಬಲ್ಲಿ ರೈಲಿನಿಂದ ಇಳಿಯುತ್ತಾನೆ. ಸುಟ್ಟುಹೋದ ನೆಲವನ್ನು ದಾಟಿ ನದಿಯ ದಡದಲ್ಲಿ ಡೇರೆ ಹೊಡೆಯುತ್ತಾನೆ. ಮರುದಿನ ಮಿಡತೆಗಳನ್ನು ಹಿಡಿದು, ಅವನ್ನು ಗಾಳಕ್ಕೆ ಸಿಕ್ಕಿಸಿ, ನೀರಿಗಿಳಿದು ಟ್ರೌಟ್ ಮೀನುಗಳನ್ನು ಹಿಡಿಯುತ್ತಾನೆ. ಇಷ್ಟೆ. 1925ರಲ್ಲಿ ಪ್ರಕಟವಾದ ‘ಇನ್ ಅವರ್ ಟೈಮ್’ ಸಂಕಲನದ ಕೊನೆಯಲ್ಲಿ ಬರುವ ಈ ಕಥೆಯನ್ನು ಇತಿಹಾಸದ ವಿದ್ಯಾರ್ಥಿಯೊಬ್ಬನು ಹೇಗೆ ಓದಬಹುದು ಎಂಬುದನ್ನು ತೋರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಈ ಕಥೆಗೆ ಪ್ರಚಲಿತವಾಗಿರುವ ವ್ಯಾಖ್ಯಾನ ಒಂದೇ. 1918ರ ಜುಲೈ ತಿಂಗಳಲ್ಲಿ ಇಟಲಿಯ ಯುದ್ಧರಂಗದಲ್ಲಿ ಹೆಮಿಂಗ್‌ವೇ ತೀವ್ರವಾಗಿ ಗಾಯಗೊಂಡನು. ಮರುವರ್ಷ ಗೆಳೆಯರಿಬ್ಬರೊಡನೆ ಸೇನಿಗೆ ಹೋಗಿ ಮೀನು ಹಿಡಿದನು. ಆದುದರಿಂದ ಕಥೆಯ ಸುಟ್ಟ ನೆಲವು ಯುದ್ಧದ ಸಂಕೇತ, ನದಿಯು ನೊಂದ ಮನಸ್ಸಿನ ಔಷಧ ಎಂಬುದು ಈ ವ್ಯಾಖ್ಯಾನದ ಸಾರ. 1944ರಲ್ಲಿ ಮಾಲ್ಕಮ್ ಕೌಲಿ, 1952ರಲ್ಲಿ ಫಿಲಿಪ್ ಯಂಗ್ ಈ ದಾರಿಯನ್ನು ಹಾಕಿಕೊಟ್ಟರು. ಯುದ್ಧದ ಮಾತೇ ಎತ್ತದೆ ಯುದ್ಧದಿಂದ ಮರಳಿದುದನ್ನು ಕುರಿತು ಬರೆದ ಕಥೆಯಿದು ಎಂಬ ಲೇಖಕನ ಹೇಳಿಕೆಯೂ ಅವನ ಮರಣಾನಂತರ, 1964ರಲ್ಲಿ, ಬೆಳಕಿಗೆ ಬಂದಿತು. ಈ ವ್ಯಾಖ್ಯಾನ ತಪ್ಪೆಂದು ನಾನು ಹೇಳುವುದಿಲ್ಲ. ಆದರೆ ಇದರಿಂದ ಒಂದು ಅನರ್ಥವಾಗಿದೆ. ನದಿಯನ್ನು ಮನಸ್ಸಿನ ನಕ್ಷೆಯನ್ನಾಗಿ ಮಾಡಿದ ವಿಮರ್ಶಕರು, ಅದೊಂದು ನಿಜವಾದ ನದಿ, ಅದಕ್ಕೂ ಒಂದು ಚರಿತ್ರೆಯುಂಟು ಎಂಬುದನ್ನು ಮರೆತರು.

ಮೊದಲು ಭೂಗೋಳವನ್ನು ನೋಡೋಣ. ಟೂ-ಹಾರ್ಟೆಡ್ ಎಂಬ ಹೆಸರಿನ ನದಿ ಮಿಷಿಗನ್ನಿನಲ್ಲಿ ಉಂಟು. ಅದು ಉತ್ತರದ ಸುಪೀರಿಯರ್ ಸರೋವರವನ್ನು ಸೇರುತ್ತದೆ. ಆದರೆ ಸೇನಿಯ ಬಳಿ ಹರಿಯುವುದು ಫಾಕ್ಸ್ ಎಂಬ ಸಣ್ಣ ನದಿ. ಅದು ದಕ್ಷಿಣಕ್ಕೆ ಹರಿದು ಮ್ಯಾನಿಸ್ಟೀಕ್ ನದಿಯನ್ನು ಕೂಡಿಕೊಂಡು ಮಿಷಿಗನ್ ಸರೋವರಕ್ಕೆ ಸೇರುತ್ತದೆ. ಲೇಖಕನು ಮೀನು ಹಿಡಿದುದು ಫಾಕ್ಸ್ ನದಿಯಲ್ಲಿ. ಹೆಸರು ಕೊಟ್ಟುದು ಇನ್ನೊಂದರದು. ಹೆಸರಿನ ಸೊಗಸಿಗಾಗಿ ಹೀಗೆ ಮಾಡುವುದು ಕಥೆಗಾರನ ಹಕ್ಕು. ಆದರೆ ಆ ಫಾಕ್ಸ್ ನದಿ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಒಂದು ಹೆದ್ದಾರಿಯಾಗಿತ್ತು. ಕಾಡಿನಲ್ಲಿ ಕಡಿದ ಬಿಳಿ ಪೈನ್ ದಿಮ್ಮಿಗಳು ಹಿಮ ಕರಗಿ ನೀರೇರಿದೊಡನೆ ಅದರಲ್ಲಿ ತೇಲಿ ಮ್ಯಾನಿಸ್ಟೀಕಿನ ಗರಗಸದ ಕಾರ್ಖಾನೆಗಳಿಗೆ ಹೋಗುತ್ತಿದ್ದವು. ಸೇನಿಯು ಮರ ಕಡಿಯುವವರ ಊರು. ಪೈನ್ ಮುಗಿಯಿತು, ಊರೂ ಇಳಿಯಿತು. ಕಡಿದುಳಿದ ಕೊಂಬೆರೆಂಬೆಗಳು ಒಣಗಿದ ನೆಲವನ್ನು ಬೆಂಕಿ ಮತ್ತೆ ಮತ್ತೆ ಸುಟ್ಟಿತು. ಕಥೆಯಲ್ಲಿ ಊರು ಸಂಪೂರ್ಣವಾಗಿ ನಾಶವಾಗಿದೆ. ವಾಸ್ತವದಲ್ಲಿ ಸೇನಿ ಅಷ್ಟು ಅಳಿದಿರಲಿಲ್ಲ, ಇಂದಿಗೂ ಅದೊಂದು ಸಣ್ಣ ಊರಾಗಿ ಉಳಿದಿದೆ. ಆದರೂ ನಿಕ್ ಕಾಣುವ ಮಸಿಬಣ್ಣದ ಮಿಡತೆಗಳನ್ನು ಕೇವಲ ಸಂಕೇತವೆನ್ನಲಾಗದು. ಒಂದು ಉದ್ಯಮವು ಬಿಟ್ಟುಹೋದ ನೆಲದ ಸಾಕ್ಷಿಗಳವು.

ಇದು ವಿಮರ್ಶಕನ ಕಲ್ಪನೆಯೆಂದು ಯಾರಾದರೂ ಆಕ್ಷೇಪಿಸಬಹುದು. ಇದಕ್ಕೆ ಉತ್ತರ ಅದೇ ಸಂಕಲನದಲ್ಲಿದೆ. ಮೊದಲ ಕಥೆ ‘ಇಂಡಿಯನ್ ಕ್ಯಾಂಪ್’. ಅಲ್ಲಿಯ ಮೂಲನಿವಾಸಿಗಳು ಚರ್ಮ ಹದಮಾಡಲು ಬೇಕಾದ ಮರದ ತೊಗಟೆಯನ್ನು ಸುಲಿಯುವ ಕೂಲಿಗಳು. ಮುಂದಿನ ಕಥೆಯಲ್ಲಿ, ಸರೋವರದಲ್ಲಿ ಸಾಗಿಸುತ್ತಿದ್ದ ದಿಮ್ಮಿಗಳು ತಪ್ಪಿಸಿಕೊಂಡು ದಡಕ್ಕೆ ಬಂದಿವೆ. ಅವು ಯಾರ ಸೊತ್ತು ಎಂಬುದೇ ಅಲ್ಲಿಯ ಜಗಳ. ‘ದಿ ಎಂಡ್ ಆಫ್ ಸಮ್‌ಥಿಂಗ್’ ಕಥೆಯು ಹಾರ್ಟನ್ಸ್ ಬೇ ಎಂಬ ಊರಿನ ಗರಗಸದ ಕಾರ್ಖಾನೆ ಮುಚ್ಚಿ, ಅದರ ಯಂತ್ರಗಳು ಹಡಗೇರಿ ಹೋದುದರಿಂದಲೇ ಆರಂಭವಾಗುತ್ತದೆ. ಕಾಡಿನ ನಾಶ ಈ ಪುಸ್ತಕದ ಉದ್ದಕ್ಕೂ ಹರಿಯುವ ಎಳೆ. ಕೊನೆಯ ಕಥೆಯ ಸುಟ್ಟ ನೆಲವು ಆ ಎಳೆಯ ತುದಿ.

ಇಲ್ಲಿ ದೋಣಿಯ ವಿಚಾರವನ್ನು ಗಮನಿಸಬೇಕು. ಮೊದಲ ಕಥೆಯಲ್ಲಿ ಬಾಲಕ ನಿಕ್ ದೋಣಿಯಲ್ಲಿ ತಂದೆಯ ತೋಳಿಗೊರಗಿ ಕುಳಿತು ಹೋಗುತ್ತಾನೆ. ಹೋಗುವಾಗ ಹುಟ್ಟು ಹಾಕುವವರು ಮೂಲನಿವಾಸಿಗಳು, ಹಿಂದಿರುಗುವಾಗ ತಂದೆ. ‘ದಿ ಎಂಡ್ ಆಫ್ ಸಮ್‌ಥಿಂಗ್’ನಲ್ಲಿ ಅವನೂ ಮಾರ್ಜರಿಯೂ ದೋಣಿಯಲ್ಲಿ ಸಾಗುತ್ತ ಗಾಳವನ್ನು ನೀರಿನಲ್ಲಿ ಎಳೆಯುತ್ತಾರೆ, ಅವರ ಸ್ನೇಹ ಮುರಿದಾಗ ಮಾರ್ಜರಿ ದೋಣಿಯನ್ನು ತೆಗೆದುಕೊಂಡು ಹೊರಟುಹೋಗುತ್ತಾಳೆ, ನಿಕ್ ದಡದಲ್ಲಿ ಉಳಿಯುತ್ತಾನೆ. ಕೊನೆಯ ಕಥೆಯಲ್ಲಿ ಹಾಪ್ಕಿನ್ಸ್ ಎಂಬ ಹಳೆಯ ಗೆಳೆಯನ ನೆನಪು ಬರುತ್ತದೆ. ಅವನ ನೌಕೆಯಲ್ಲಿ ಎಲ್ಲರೂ ಸುಪೀರಿಯರ್ ಸರೋವರದ ಉತ್ತರ ತೀರದಲ್ಲಿ ವಿಹರಿಸಬೇಕೆಂದಿದ್ದರು. ಅದು ನಡೆಯಲಿಲ್ಲ, ಅವನನ್ನು ಅವರು ಮತ್ತೆ ಕಾಣಲಿಲ್ಲ. ಈ ಪುಸ್ತಕದ ನಿಕ್‌ನ ಕಥೆಗಳಲ್ಲಿ ದೋಣಿಯೆಂದರೆ ಜೊತೆ. ಕೊನೆಯ ನದಿಯಲ್ಲಿ ದೋಣಿಯಿಲ್ಲ. ತಣ್ಣನೆಯ ನೀರಿನಲ್ಲಿ ಸೊಂಟದವರೆಗೆ ಮುಳುಗಿ, ಸೆಳವಿಗೆ ಕಾಲು ಕೊಟ್ಟು ಒಬ್ಬನೇ ನಿಲ್ಲಬೇಕು. ಗೆಳೆಯರಿಬ್ಬರೊಡನೆ ಮಾಡಿದ ಪ್ರವಾಸವನ್ನು ಲೇಖಕನು ಒಂಟಿತನದ ಕಥೆಯನ್ನಾಗಿ ಮಾರ್ಪಡಿಸಿದುದರ ಅರ್ಥ ಇದರಿಂದ ಸ್ಪಷ್ಟವಾಗುತ್ತದೆ.

ಕಥೆಯ ನೀತಿಯೂ ಈ ನಿಲುವಿನಿಂದಲೇ ಹುಟ್ಟಿದೆ. ಚಿಕ್ಕ ಮೀನೊಂದನ್ನು ಬಿಡುವ ಮೊದಲು ನಿಕ್ ಕೈಯನ್ನು ಒದ್ದೆಮಾಡಿಕೊಳ್ಳುತ್ತಾನೆ. ಒಣಗಿದ ಕೈ ತಗುಲಿದರೆ ಮೀನಿನ ಮೈಮೇಲಿನ ಲೋಳೆ ಹೋಗಿ ಬೂಷ್ಟು ಹಿಡಿಯುವುದೆಂದು ಅವನು ಬಲ್ಲ. ದಿಮ್ಮಿಗಳನ್ನು ಸಾಗಿಸಿದವರು ನದಿಯಿಂದ ಎಲ್ಲವನ್ನೂ ಕೊಂಡರು. ಇವನು ಎರಡೇ ಮೀನುಗಳನ್ನು ಇಟ್ಟುಕೊಂಡು, ಮುಂದಿನ ಜೌಗುಕಾಡಿಗೆ ಹೋಗದೆ ನಿಲ್ಲುತ್ತಾನೆ. ಅವನಿಗೆ ಆ ಜೌಗಿನ ಭಯವಿರುವುದು ನಿಜ. ಆದರೆ ಸಾಕೆಂದು ನಿಲ್ಲಬಲ್ಲ ವಿವೇಕವೂ ಅದರೊಡನೆ ಇದೆ. ಸುಟ್ಟ ನೆಲವನ್ನು ದಾಟಿ ಬಂದವನಿಗೆ ಅದು ಸಣ್ಣ ಗಳಿಕೆಯಲ್ಲ.

ಆದರೂ ಈ ಕಥೆಯಲ್ಲಿ ಒಂದು ಕೊರತೆಯುಂಟೆಂದು ಹೇಳಲೇಬೇಕು. ಮೊದಲ ಕಥೆಯಲ್ಲಿ ದೋಣಿಗೆ ಹುಟ್ಟು ಹಾಕಿದವರು ಕೊನೆಯ ನದಿಯ ಬಳಿ ಎಲ್ಲಿಯೂ ಇಲ್ಲ. 1836ರ ವಾಷಿಂಗ್ಟನ್ ಒಪ್ಪಂದದ ಮೂಲಕ ಒಡಾವಾ ಮತ್ತು ಒಜಿಬ್ವೆ ಜನರು ಈ ಪ್ರದೇಶವೂ ಸೇರಿದಂತೆ ಇಂದಿನ ಮಿಷಿಗನ್ನಿನ ಮೂರನೆಯ ಒಂದು ಭಾಗದಷ್ಟು ನೆಲವನ್ನು ಬಿಟ್ಟುಕೊಟ್ಟರು. ಆದರೆ ಬೇಟೆಯೇ ಮೊದಲಾದ ಹಕ್ಕುಗಳನ್ನು ಉಳಿಸಿಕೊಂಡರು. ಮಹಾಸರೋವರಗಳಲ್ಲಿ ಮೀನು ಹಿಡಿಯುವ ಅವರ ಹಕ್ಕನ್ನು ನ್ಯಾಯಾಲಯವು ಎತ್ತಿಹಿಡಿದುದು 1979ರಲ್ಲಿ. ಒಳನಾಡಿನ ನೀರಿನ ವಿಷಯ ಇತ್ಯರ್ಥವಾದುದು 2007ರಲ್ಲಿ. ನಿಕ್ ಯಾರನ್ನೂ ಕೇಳದೆ ಇಳಿಯುವ ನದಿಯಲ್ಲಿ ಗಾಳ ಹಾಕುವ ಹಕ್ಕಿಗಾಗಿ ಇತರರು ತಲೆಮಾರುಗಳ ಕಾಲ ಕಾಯಬೇಕಾಯಿತು.

ಹೀಗೆ ಈ ಕಥೆಯಲ್ಲಿ ಎರಡು ಬಗೆಯ ಮೌನಗಳಿವೆ. ಯುದ್ಧವನ್ನು ಕುರಿತ ಮೌನವು ಲೇಖಕನು ತಿಳಿದು ಮಾಡಿದ್ದು, ಅದು ಕಲೆ. ನೆಲದ ಹಿಂದಿನ ಒಡೆಯರನ್ನು ಕುರಿತ ಮೌನವು ಅವನ ಕಾಲದ ಅಭ್ಯಾಸ, ಅದನ್ನು ಕಲೆಯೆನ್ನಲಾಗದು. ಇವೆರಡನ್ನೂ ಒಂದೇ ಹೆಸರಿನಿಂದ ಕರೆದು ಹೊಗಳುವುದು ವಿಮರ್ಶೆಯಲ್ಲ. ಕಥೆಯನ್ನು ಪಾಠ ಹೇಳುವ ಅಧ್ಯಾಪಕರು ನಿಕ್‌ನ ಮನಸ್ಸನ್ನು ವಿವರಿಸುವ ಮೊದಲು ಆ ಪ್ರಾಂತದ ಭೂಪಟವೊಂದನ್ನು ವಿದ್ಯಾರ್ಥಿಗಳ ಮುಂದೆ ಹರಡಿ, ಈ ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ, ಇದರಲ್ಲಿ ಯಾರು ಯಾರು ದೋಣಿ ನಡೆಸಿದರು ಎಂದು ಕೇಳಿದರೆ, ಕಥೆಯ ಸೊಗಸು ಕುಂದದು. ಅದರ ಆಳ ಮಾತ್ರ ಹೆಚ್ಚಾಗಿ ಕಂಡೀತು.